ಮಣ್ಣಿನ ಕೆಲಸ, ಗಿಡ ನೆಡುವುದು ಮನಸ್ಸಿನ ನೋವಿಗೆ ನಿಜವಾಗಿ ಮದ್ದಾಗುತ್ತದೆಯೇ?

ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಾತು ಕಡಿಮೆ ಮಾಡಿದ್ದಾರೆ, ಹಿತ್ತಲಲ್ಲಿ ಗಿಡಗಳ ಹತ್ತಿರ ಮಾತ್ರ ಸ್ವಲ್ಪ ಹೊತ್ತು ನಿಲ್ಲುತ್ತಾರೆ, ಸಕ್ಕರೆ ಕಾಯಿಲೆಯೂ ಇದೆ, ಅವರನ್ನು ಮಣ್ಣಿನ ಕೆಲಸಕ್ಕೆ ಹಚ್ಚಬಹುದೇ ಎಂದು ಕೇಳಿದ್ದೀರಿ. ಖಂಡಿತ ಹಚ್ಚಿ. ನಾನು ಉಡುಪಿಯಲ್ಲಿ ಸೆರಾಮಿಕ್ ಕೆಲಸ ಮಾಡುವವಳು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದ ಕಾಲದಲ್ಲೇ ಮಣ್ಣು ಮುಟ್ಟಿದ್ದು. ಮಾತ್ರೆಗೆ ಮಣ್ಣು ಬದಲಿಯಲ್ಲ. ಅಮ್ಮ ಊಟ, ನಿದ್ದೆ ಬಿಟ್ಟಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಆದರೆ ಬೆಳಿಗ್ಗೆ ಹಾಸಿಗೆಯಿಂದ ಏಳಲು ನನಗೊಂದು ಕಾರಣ ಕೊಟ್ಟದ್ದು ಮಣ್ಣು.

ಹಸಿ ಬಟ್ಟಲಿಗೆ ಪ್ಲಾಸ್ಟಿಕ್ ಹೊದಿಸಿ ಮಲಗಿದರೆ ಮರುದಿನ ಎದ್ದು ನೋಡಲೇಬೇಕು. ಅಂಚು ಮೊದಲು ಒಣಗಿ ತಳ ಹಸಿಯಾಗಿಯೇ ಉಳಿದರೆ ಬಿರುಕು ಬಿಡುತ್ತದೆ. ಆಟಿ ತಿಂಗಳ ಮಳೆಯಲ್ಲಂತೂ ಎಷ್ಟು ದಿನವಾದರೂ ತೇವ ಆರುವುದಿಲ್ಲ. ಅವಸರ ಮಾಡಿ ಭಟ್ಟಿಗೆ ಹಾಕಿದರೆ 100 ಡಿಗ್ರಿ ದಾಟುವಾಗ ಒಳಗಿನ ನೀರು ಆವಿಯಾಗಿ ಪಾತ್ರೆಯೇ ಸಿಡಿಯುತ್ತದೆ. ಸುತ್ತಲಿನವರೆಲ್ಲ ‘ಬೇಗ ಸರಿಹೋಗು’ ಅನ್ನುತ್ತಿದ್ದಾಗ ಹಾಗೆ ಅನ್ನದ ಕೆಲಸವೊಂದು ಕೈಗೆ ಸಿಕ್ಕಿದ್ದು ನನಗೆ ದೊಡ್ಡ ಸಮಾಧಾನ.

ಅಮ್ಮನಿಗೆ ತಿಗರಿ ಬೇಡ, ಲಟ್ಟಣಿಗೆ ಸಾಕು. ಹದ ಮಾಡಿದ ಜೇಡಿಮಣ್ಣು ಕುಂಬಾರರ ಮನೆಯಲ್ಲಿ ಕೇಳಿ ನೋಡಿ. ಮಣ್ಣಿನ ವಿಷಯದಲ್ಲಿ ನಮ್ಮ ಊರುಗಳು ಪುಣ್ಯ ಮಾಡಿವೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದೇ ಹೊಳೆದಂಡೆಯ ಜೇಡಿಯನ್ನು ನಂಬಿ. ಸುಟ್ಟಾಗ ಅದು ಕೆಂಪಾಗುವುದು ಅದರೊಳಗಿನ ಕಬ್ಬಿಣದಿಂದ. ಈ ಮಣ್ಣನ್ನು ಅರ್ಧ ಬೆರಳಿನ ದಪ್ಪಕ್ಕೆ ಲಟ್ಟಿಸಿ, ಪತ್ರೊಡೆಗೆ ಕೊಯ್ಯುವ ಕೆಸುವಿನ ಎಲೆಯನ್ನು ನರ ಎದ್ದಿರುವ ಬದಿ ಕೆಳಗಾಗಿ ಇಟ್ಟು, ಮೇಲೆ ಇನ್ನೊಮ್ಮೆ ಲಟ್ಟಣಿಗೆ ಉರುಳಿಸಲಿ. ಎಲೆ ಎತ್ತಿದರೆ ನಡುನರದಿಂದ ಹೊರಟ ಒಂದೊಂದು ಕವಲೂ ಮಣ್ಣಿನಲ್ಲಿ ಮೂಡಿರುತ್ತದೆ. ಎಲೆಯ ಆಕಾರಕ್ಕೆ ಕತ್ತರಿಸಿ, ಬಟ್ಟೆ ಹಾಸಿದ ಬೋಗುಣಿಯೊಳಗೆ ಕೂರಿಸಿದರೆ ತಟ್ಟೆಯ ಬಾಗು ಬರುತ್ತದೆ. ಕೆಸು ತುರಿಸುವುದಾದರೆ ತೇಗದ ಎಲೆ ಆದೀತು.

ಗಿಡದ ಪ್ರೀತಿ ಇರುವವರಿಗೆ ಇನ್ನೊಂದು ಕೆಲಸವಿದೆ. ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಹಚ್ಚದೆ ಸುಟ್ಟ ಚಿಕ್ಕ ಮಡಕೆಯನ್ನು ಮಲ್ಲಿಗೆಯ ಬುಡದಲ್ಲಿ ಕುತ್ತಿಗೆಯವರೆಗೆ ಹೂತು ನೀರು ತುಂಬಿಡಿ. ಮಡಕೆಯ ಮೈಯಿಂದ ನೀರು ಸ್ವಲ್ಪಸ್ವಲ್ಪವೇ ಜಿನುಗಿ ಬೇರಿಗೆ ತಲುಪುತ್ತದೆ. ನನ್ನ ಹಿತ್ತಲಿನ ಮಲ್ಲಿಗೆ ಬೇಸಗೆ ಕಳೆಯುವುದು ಹೀಗೆಯೇ.

ಸಕ್ಕರೆ ಕಾಯಿಲೆಯ ಕಾರಣಕ್ಕೆ ಒಂದು ಮಾತು ಒತ್ತಿ ಹೇಳುತ್ತೇನೆ. ನಮ್ಮ ಕರಾವಳಿಯ ಮಣ್ಣಿನಲ್ಲಿ ಮೆಲಿಯಾಯಿಡೋಸಿಸ್ ಎಂಬ ಸೋಂಕು ತರುವ ರೋಗಾಣು ಇದೆ. ಮಳೆಗಾಲದಲ್ಲಿ ಗಾಯದ ಮೂಲಕ ಒಳಹೊಕ್ಕರೆ ಮಧುಮೇಹಿಗಳಿಗೆ ಜೀವಕ್ಕೇ ಅಪಾಯ. ತೋಟಕ್ಕಿಳಿಯುವಾಗ ಗ್ಲೌಸ್, ಬೂಟು ಇರಲೇಬೇಕು. ಕೈಯಲ್ಲಿ ಗಾಯವಿದ್ದರೆ ಅದು ಮಾಯುವವರೆಗೆ ಹಸಿ ಜೇಡಿಯನ್ನೂ ಮುಟ್ಟುವುದು ಬೇಡ. ಒಣಗಿದ ಮಣ್ಣಿನ ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಅದರಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಕೆಟ್ಟದ್ದು.

ಮೊದಲ ದಿನ ನೀವೂ ಪಕ್ಕದಲ್ಲಿ ಕೂತು ನಿಮ್ಮದೊಂದು ತಟ್ಟೆ ಮಾಡಿ. ಅಮ್ಮನನ್ನು ಮಾತಿಗೆ ಎಳೆಯಬೇಡಿ. ಅವರಾಗಿ ಏನಾದರೂ ಹೇಳಿದರೆ ಕೈಕೆಲಸ ನಿಲ್ಲಿಸದೆ ಕೇಳಿಸಿಕೊಳ್ಳಿ.