ಬರುವ ನೀರಿಗಿಂತ ಮೊದಲು ಹೋಗುವ ನೀರಿನ ದಾರಿ ನೋಡಿ

ಪ್ರಶ್ನೆ: ಮುಲುಂಡ್ ಪೂರ್ವದಲ್ಲಿ ನಮ್ಮದು ಎರಡನೇ ಮಹಡಿಯ ಮನೆ, 1980ರ ದಶಕದ ಕಟ್ಟಡ. ಬಚ್ಚಲು ಬೇರೆ, ಸಂಡಾಸು ಬೇರೆ, ಎರಡೂ ಇಕ್ಕಟ್ಟು. ನಡುವಿನ ಗೋಡೆ ತೆಗೆದು ಒಂದೇ ಬಾತ್‌ರೂಮ್ ಮಾಡಿ ವೆಸ್ಟರ್ನ್ ಕಮೋಡ್ ಹಾಕಿಸಬೇಕು ಅಂತಿದ್ದೇವೆ. ಅತ್ತೆಗೆ 74 ವರ್ಷ, ಮಂಡಿನೋವು, ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ಕಮೋಡನ್ನು ಬಾಗಿಲ ಹತ್ತಿರಕ್ಕೆ ತಂದರೆ ಅವರಿಗೆ ಅನುಕೂಲ ಅಲ್ವಾ? ಕಾಂಟ್ರ್ಯಾಕ್ಟರ್ ಹತ್ತು ದಿನದಲ್ಲಿ ಮುಗಿಸುತ್ತೇನೆ ಅನ್ನುತ್ತಾರೆ. ಮೊದಲೇ ಏನೇನು ತೀರ್ಮಾನ ಮಾಡಿಕೊಳ್ಳಬೇಕು?

ಉತ್ತರ: ಕಮೋಡನ್ನು ಬಾಗಿಲ ಹತ್ತಿರಕ್ಕೆ ತರಬೇಡಿ. ಈಗ ಸಂಡಾಸು ಎಲ್ಲಿದೆಯೋ ಅಲ್ಲೇ, ಕಟ್ಟಡದ ಪೈಪುಗಳು ಇಳಿದಿರುವ ಡಕ್ಟಿನ ಗೋಡೆಗೆ ತಾಗಿಕೊಂಡೇ ಇರಲಿ.

ಬಾತ್‌ರೂಮ್ ಅಂದ ಕೂಡಲೇ ಎಲ್ಲರೂ ಟೈಲ್ಸ್, ನಲ್ಲಿ, ಶವರ್ ಆರಿಸಲು ಹೊರಡುತ್ತಾರೆ. ಬರುವ ನೀರಿಗೆ ಒತ್ತಡ ಇರುತ್ತದೆ. ಪೈಪನ್ನು ಹೇಗೆ ತಿರುಗಿಸಿದರೂ ಅದು ಬರುತ್ತದೆ. ಹೋಗುವ ನೀರಿಗೆ ಇರುವುದು ಇಳಿಜಾರು ಒಂದೇ. ಕಮೋಡಿನ 110 ಮಿಮೀ ಪೈಪಿಗೆ ಮೀಟರಿಗೆ ಸುಮಾರು 25 ಮಿಮೀ ಇಳಿಕೆ ಬೇಕು. ಎರಡು ಮೀಟರ್ ದೂರ ತಂದರೆ ಎರಡು ಇಂಚು. ಅದರ ಜೊತೆ ಪೈಪಿನ ದಪ್ಪ, ಬೆಂಡು, ಮೇಲಿನ ಸಿಮೆಂಟು, ಟೈಲ್ಸ್. ಇಷ್ಟೆಲ್ಲ ಹಿಡಿಸುವಷ್ಟು ಆಳ ನಿಮ್ಮ ಸಂಕ್ ಸ್ಲ್ಯಾಬಿಗೆ (ಪೈಪ್ ಹಿಡಿಸಲೆಂದು ತಗ್ಗಿಸಿ ಹಾಕಿದ ಸ್ಲ್ಯಾಬು) ಇಲ್ಲದಿದ್ದರೆ ಮೇಸ್ತ್ರಿ ಸುಮ್ನೆ ನೆಲ ಎತ್ತರಿಸಿಬಿಡುತ್ತಾನೆ. ಆಗ ಬಾಗಿಲಲ್ಲಿ ಒಂದು ಮೆಟ್ಟಿಲು ಏಳುತ್ತದೆ. ಮಂಡಿನೋವಿರುವ ನಿಮ್ಮ ಅತ್ತೆಗೆ ನಾಲ್ಕು ಹೆಜ್ಜೆ ಜಾಸ್ತಿ ನಡೆಯುವುದಕ್ಕಿಂತ ಆ ಮೆಟ್ಟಿಲೇ ದೊಡ್ಡ ಅಪಾಯ.

ಇನ್ನೊಂದು ಮಾತು. ನಿಮ್ಮಂಥ ಹಳೆ ಕಟ್ಟಡಗಳ ಡಕ್ಟಿನಲ್ಲಿ ಸಾಮಾನ್ಯವಾಗಿ ಎರಡು ಬೀಡಿನ ಪೈಪ್ ಇಳಿದಿರುತ್ತವೆ. ಒಂದು ಸಂಡಾಸಿನದು, ನೇರ ಕೆಳಗಿನ ಚರಂಡಿ ಚೇಂಬರಿಗೆ ಹೋಗುತ್ತದೆ. ಇನ್ನೊಂದು ಬಚ್ಚಲಿನದು, ಕೆಳಗೆ ಗಲ್ಲಿ ಟ್ರ್ಯಾಪಿಗೆ (ವಾಸನೆ ತಡೆಯಲು ನೀರು ನಿಲ್ಲುವ ಗುಂಡಿ) ಬೀಳುತ್ತದೆ. ಹತ್ತಿರ ಸಿಕ್ಕಿತು ಅಂತ ಕಮೋಡನ್ನು ಬಚ್ಚಲಿನ ಪೈಪಿಗೆ ಸೇರಿಸಲು ಬಿಡಲೇಬೇಡಿ. ಕಟ್ಟಿಕೊಂಡರೆ ಮೊದಲು ಉಕ್ಕುವುದು ಕೆಳಗಿನವರ ಬಚ್ಚಲಲ್ಲಿ. ಕೆಲಸ ಶುರುವಾಗುವ ಮುಂಚೆ ನೀವೇ ಡಕ್ಟಿನ ಕಿಟಕಿಯಿಂದ ಟಾರ್ಚ್ ಬಿಟ್ಟು, ಯಾವುದು ಯಾವುದೆಂದು ಪ್ಲಂಬರ್ ಹತ್ತಿರ ಹೇಳಿಸಿಕೊಳ್ಳಿ.

ಸೊಸೈಟಿಯ ಅನುಮತಿ ಪತ್ರವನ್ನು ಲಿಖಿತವಾಗಿ ತೆಗೆದುಕೊಳ್ಳಿ, ಅರ್ಜಿಯಲ್ಲಿ ಗೋಡೆ ತೆಗೆಯುವ ವಿಷಯ ಸ್ಪಷ್ಟವಾಗಿರಲಿ. ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಗಳಿಗೆ ಸ್ಟ್ರಕ್ಚರಲ್ ಆಡಿಟ್ (ಕಟ್ಟಡದ ಗಟ್ಟಿತನದ ತಪಾಸಣೆ) ಕಡ್ಡಾಯ. ಆ ವರದಿ ನಿಮ್ಮ ಸೆಕ್ರೆಟರಿ ಬಳಿ ಇರಬೇಕು. ಆ ಗೋಡೆ ಬರೀ ಅಡ್ಡಗೋಡೆಯೋ, ಮೇಲೆ ಬೀಮ್ ಇದೆಯೋ ಎಂದು ಎಂಜಿನಿಯರ್ ನೋಡಿ ಹೇಳಲಿ, ಮೇಸ್ತ್ರಿಯ ಅಂದಾಜು ಸಾಲದು. ಮಹಾರಾಷ್ಟ್ರದ ಸೊಸೈಟಿ ಮಾದರಿ ಬೈಲಾ ಪ್ರಕಾರ ಹೊರಗಿನ ಕಾಮನ್ ಪೈಪಿನ ರಿಪೇರಿ ಸೊಸೈಟಿ ಖರ್ಚು, ಮನೆಯೊಳಗಿನದು ನಿಮ್ಮ ಖರ್ಚು. ಡಕ್ಟಿನ ಬೀಡಿನ ಪೈಪ್ ಬಿರುಕು ಬಿಟ್ಟಿದ್ದರೆ ಇದೇ ಸಮಯದಲ್ಲಿ ಬದಲಿಸಿ ಅಂತ ಕೇಳಿ. ಆಮೇಲೆ ಕೇಳಿದರೆ ನಿಮ್ಮ ಹೊಸ ಜೋಡಣೆಯನ್ನೇ ಬಿಚ್ಚಬೇಕಾಗುತ್ತದೆ.

ಒಡೆದ ಮೇಲೆ ಸಂಕಿನಲ್ಲಿರುವ ಹಳೆ ಇಟ್ಟಿಗೆ ಚೂರಿನ ಭರ್ತಿ (ಕೋಬಾ) ಪೂರ್ತಿ ತೆಗೆಸಿ. ಎಷ್ಟೋ ವರ್ಷ ನೀರು ಕುಡಿದು ಅದು ಒದ್ದೆಯಾಗಿಯೇ ಇರುತ್ತದೆ. ಅರ್ಧ ಬಿಟ್ಟು ಮೇಲೆ ವಾಟರ್‌ಪ್ರೂಫಿಂಗ್ ಬಳಿದರೆ ಪ್ರಯೋಜನವಿಲ್ಲ. ಕೆಳಗಿನ ಸ್ಲ್ಯಾಬಿನಲ್ಲಿ ತುಕ್ಕು ಹಿಡಿದ ಕಂಬಿ ಕಂಡರೆ ಅದರ ರಿಪೇರಿ ಮೊದಲು, ಪೈಪ್ ಆಮೇಲೆ.

ಕಮೋಡ್, ಡೈವರ್ಟರ್ (ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ವಾಲ್ವ್), ನಹಾನಿ ಟ್ರ್ಯಾಪ್ (ನೆಲದ ಜಾಲಿಯ ಕೆಳಗೆ ನೀರು ನಿಲ್ಲುವ ಬಟ್ಟಲು) ಈ ಮೂರನ್ನು ಒಡೆಯುವ ಮುಂಚೆಯೇ ಕೊಂಡು ಮನೆಯಲ್ಲಿಟ್ಟುಕೊಳ್ಳಿ. ಯಾಕೆಂದರೆ ಅಳತೆ ತಪ್ಪುವುದೇ ಇಲ್ಲಿ. ನೆಲಕ್ಕೆ ಬಿಡುವ ಎಸ್ ಟ್ರ್ಯಾಪ್ ಕಮೋಡ್‌ಗಳಲ್ಲಿ ಗೋಡೆಯಿಂದ ತೂತಿನ ನಡುಮಧ್ಯಕ್ಕೆ 220 ಅಥವಾ 300 ಮಿಮೀ ಇರುವುದು ಹೆಚ್ಚು. ಪ್ಲಂಬರ್ ಇಟ್ಟಿಗೆ ಗೋಡೆಯಿಂದ 300 ಅಳೆದು ಪೈಪ್ ಕೂರಿಸುತ್ತಾನೆ. ಆಮೇಲೆ ಪ್ಲಾಸ್ಟರು, ಅದರ ಮೇಲೆ ಟೈಲ್ಸು, ಎರಡೂ ಸೇರಿ ಒಂದೂವರೆ ಇಂಚು ತಿಂದುಬಿಡುತ್ತವೆ. ಉಳಿಯುವುದು 260ರ ಹತ್ತಿರ. 300ರ ಹೊಸ ಕಮೋಡ್ ಹಿಂದಿನ ಗೋಡೆಗೆ ತಗುಲಿ, ತೂತಿನ ಮೇಲೆ ಕೂರುವುದೇ ಇಲ್ಲ. ಅದಕ್ಕೇ ಎಲ್ಲ ಅಳತೆಯೂ ಮುಗಿದ ಟೈಲ್ಸಿನ ಮೈಯಿಂದ ಅಂತ ಗೋಡೆ ಮೇಲೆ ಸೀಮೆಸುಣ್ಣದಲ್ಲೇ ಬರೆಸಿ. ಗೋಡೆಗೆ ತೂಗುವ ಕಮೋಡನ್ನು ಬೇಕಾದ ಎತ್ತರಕ್ಕೆ ಕೂರಿಸಬಹುದು, ಅತ್ತೆಗೆ ಒಳ್ಳೆಯದೇ. ಆದರೆ ನಾಲ್ಕಿಂಚಿನ ಗೋಡೆಗೆ ನೇರ ಬೋಲ್ಟ್ ಹಾಕುವಂತಿಲ್ಲ. ನೆಲದಲ್ಲಿ ಕಾಲೂರುವ ಕಬ್ಬಿಣದ ಫ್ರೇಮ್ ಬೇಕೇ ಬೇಕು.

ಬರುವ ನೀರಿನ ಕೆಲಸ ಇದಕ್ಕಿಂತ ಸುಲಭ. ಹಳೆ ಜಿಐ (ಸತು ಬಳಿದ ಕಬ್ಬಿಣದ) ಪೈಪ್ ಒಳಗೆ ತುಕ್ಕು ಕಟ್ಟಿ ಕಿರಿದಾಗಿರುತ್ತದೆ, ಒಂದು ತುಂಡನ್ನೂ ಉಳಿಸಬೇಡಿ. ಬಿಸಿ, ತಣ್ಣೀರು ಎರಡಕ್ಕೂ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್ ಪೈಪ್) ಹಾಕಿಸಿ. ಗೋಡೆಯೊಳಗೆ ಹೋಗುವುದಕ್ಕೆ ಎಸ್‌ಡಿಆರ್ 11 ದರ್ಜೆಯ ದಪ್ಪ ಮೈಯ ಪೈಪ್ ಇರಲಿ. ಬಿಳಿ ಯುಪಿವಿಸಿ ಬಿಸಿನೀರಿಗೆ ಮೆತ್ತಗಾಗುತ್ತದೆ. ನಲ್ಲಿ ತಿರುಪುವ ಕಡೆಯೆಲ್ಲ ಹಿತ್ತಾಳೆಯ ತಿರುಪು (ಥ್ರೆಡ್) ಇರುವ ಫಿಟಿಂಗೇ ಇರಲಿ. ಲೈನ್ ಮನೆಯೊಳಗೆ ಬರುವಲ್ಲಿ ನಿಮ್ಮದೇ ಒಂದು ಬಾಲ್ ವಾಲ್ವ್ ಇಡಿಸಿ. ಇಲ್ಲದಿದ್ದರೆ ಒಂದು ವಾಷರ್ ಹೋದರೂ ಟೆರೇಸಿಗೆ ಹೋಗಿ, ಮೇಲಿಂದ ಕೆಳಗಿನವರೆಗೆ ಎಲ್ಲರ ನೀರು ನಿಲ್ಲಿಸಬೇಕು.

ಅತ್ತೆಯವರು ಸ್ಟೂಲಿನ ಮೇಲೆ ಕೂತು ಬಕೆಟ್ಟು ಚೊಂಬಿನಲ್ಲಿ ಸ್ನಾನ ಮಾಡುವವರಾದರೆ ಅವರನ್ನೇ ಅಲ್ಲಿ ಕೂರಿಸಿ ನೋಡಿ. ಕೈ ಚಾಚಿದರೆ ಸಿಗುವ ಜಾಗದಲ್ಲಿ ನಲ್ಲಿ ಇರಲಿ. ಹಿಡಿದು ಏಳಲು ಕಂಬಿ ಎಲ್ಲೆಲ್ಲಿ ಬೇಕು ಅನ್ನೋದನ್ನೂ ಆಗಲೇ ಗುರುತು ಹಾಕಿ, ಆ ಜಾಗದ ಹಿಂದೆ ಪೈಪ್ ಹೋಗದಂತೆ ನೋಡಿಕೊಳ್ಳಿ. ಗೋಡೆ ಮುಚ್ಚುವ ಮುಂಚೆ ಟೇಪ್ ಹಿಡಿದು ನಾಲ್ಕೂ ಗೋಡೆಯ ಫೋಟೊ ತೆಗೆದಿಡಿ. ಮುಂದೆ ಡ್ರಿಲ್ ಹಿಡಿದು ಬರುವವನಿಗೆ ಅದೇ ನಕ್ಷೆ.

ಎರಡು ಪರೀಕ್ಷೆ ಆಗದೆ ಟೈಲ್ಸ್ ಹಾಕಲು ಬಿಡಬೇಡಿ. ಒಂದು, ಎಲ್ಲ ಪಾಯಿಂಟಿಗೆ ಮುಚ್ಚಳ ಹಾಕಿ ಕೈಪಂಪಿನಿಂದ ಪೈಪಿಗೆ ಒತ್ತಡ ಕೊಟ್ಟು, ಒತ್ತಡದ ಮಾಪಕದ ಮುಳ್ಳು ಇಳಿಯುತ್ತದೆಯೇ ನೋಡುವುದು. ಪೈಪ್ ಜೋಡಿಸಿದ ಅಂಟು ಪೂರ್ತಿ ಒಣಗಿದ ಮೇಲೆಯೇ ಮಾಡಿಸಿ. ಇನ್ನೊಂದು, ವಾಟರ್‌ಪ್ರೂಫಿಂಗ್ ಆದ ಮೇಲೆ ಟ್ರ್ಯಾಪಿನ ಬಾಯಿ ಕಟ್ಟಿ, ಎರಡಿಂಚು ನೀರು ನಿಲ್ಲಿಸಿ, 48 ಗಂಟೆ ಬಿಟ್ಟು ಕೆಳಗಿನವರ ಚಾವಣಿ ನೋಡಿಕೊಂಡು ಬರುವುದು. ಟೈಲ್ಸು ನೀರು ತಡೆಯುವುದಿಲ್ಲ, ಅದರ ಸಂದಿಯಲ್ಲಿ ನೀರು ಇಳಿದೇ ಇಳಿಯುತ್ತದೆ. ಇಷ್ಟೆಲ್ಲ ಹತ್ತು ದಿನದಲ್ಲಿ ಆಗುವ ಮಾತಲ್ಲ. ಮೂರು ವಾರ ಅಂತ ಇಟ್ಟುಕೊಳ್ಳಿ, ಅಷ್ಟು ದಿನ ಅತ್ತೆಯವರಿಗೆ ಬೇರೆ ವ್ಯವಸ್ಥೆ ಮಾಡಿ.

ಪ್ರಶ್ನೆ: ಪುಣೆಯಲ್ಲಿ ನಮ್ಮದು ಕೊನೇ ಮಹಡಿ, ಟ್ಯಾಂಕ್ ನೆತ್ತಿಯ ಮೇಲೇ ಇದೆ. ಆದರೂ ದೊಡ್ಡ ಶವರಿನಲ್ಲಿ ನೀರು ತೊಟ್ಟಿಕ್ಕುತ್ತದೆ. ಶವರ್ ಕೆಟ್ಟದ್ದೇ?

ಉತ್ತರ: ಶವರಿನ ತಪ್ಪಿಲ್ಲ. ಟ್ಯಾಂಕ್ ಹತ್ತಿರ ಇರುವುದೇ ತೊಂದರೆ. ನೀರಿನ ಮಟ್ಟ ಹತ್ತು ಮೀಟರ್ ಮೇಲಿದ್ದರೆ ಒಂದು ಬಾರ್ ಒತ್ತಡ. ನಿಮ್ಮ ಶವರಿನಿಂದ ಟ್ಯಾಂಕಿಗೆ ಎರಡೋ ಮೂರೋ ಮೀಟರ್ ಇದ್ದೀತು, ಅಂದರೆ ಕಾಲು ಬಾರಿನ ಆಸುಪಾಸು. ದೊಡ್ಡ ಶವರಿಗೆ ಅದು ಸಾಲದು. ಮೊದಲು ಖರ್ಚಿಲ್ಲದ್ದು ಮಾಡಿ: ಶವರ್ ಬಿಚ್ಚಿ ಜಾಲರಿ ತೊಳೆಯಿರಿ. ನವೀಕರಣಕ್ಕೆ ಕೈ ಹಾಕುವುದಾದರೆ ಟ್ಯಾಂಕಿನಿಂದ ಒಂದು ಇಂಚಿನ ಲೈನ್ ತಂದು, ಡೈವರ್ಟರ್‌ವರೆಗೆ ಮುಕ್ಕಾಲು ಇಂಚು ಕೊಡಿ, ಮೊಣಕೈ ತಿರುವುಗಳು ಕಡಿಮೆ ಇರಲಿ. ಟೆರೇಸಿನಲ್ಲಿ ವಾಲ್ವ್ ದಾಟಿದ ಕೂಡಲೇ ಗಾಳಿ ಹೋಗಲು ಒಂದು ಪೈಪನ್ನು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಏರಿಸಿ. ಅಷ್ಟಾದರೂ ಸಾಲದಿದ್ದರೆ ನಿಮ್ಮ ಮನೆಯ ಲೈನಿಗೆ ಮಾತ್ರ ಸಣ್ಣ ಪ್ರೆಶರ್ ಪಂಪ್, ಸೊಸೈಟಿ ಒಪ್ಪಿಗೆಯೊಂದಿಗೆ. ಆಗ ಆ ಗಾಳಿಪೈಪ್ ತೆಗೆಸಬೇಕು, ಇಲ್ಲದಿದ್ದರೆ ಪಂಪ್ ಅದರ ಬಾಯಿಂದಲೇ ನೀರು ಚೆಲ್ಲುತ್ತದೆ. ಪಂಪ್ ಕೊಡುವ ಒತ್ತಡವನ್ನು ನಿಮ್ಮ ಗೀಸರ್ ತಾಳುತ್ತದೆಯೇ ಎಂದು ಅದರ ಮೇಲಿನ ಚೀಟಿಯಲ್ಲಿ ನೋಡಿಕೊಳ್ಳಿ. ಪಂಪ್ ಬಿಸಿನೀರಿಗೂ ತಣ್ಣೀರಿಗೂ ಸಮನಾಗಿ ಸಿಗಬೇಕು. ಒಂದಕ್ಕೇ ಕೊಟ್ಟರೆ ಮಿಕ್ಸರಿನಲ್ಲಿ ಹದ ಸಿಗುವುದಿಲ್ಲ.

ಪ್ರಶ್ನೆ: ವಾಸ್ಕೋದಿಂದ ಪ್ರತಿ ಮೇ ತಿಂಗಳು ಧಾರವಾಡಕ್ಕೆ ಹೋಗಿ ಬರುವಷ್ಟರಲ್ಲಿ ಬಾತ್‌ರೂಮ್ ತುಂಬ ಗಬ್ಬುವಾಸನೆ, ಜಿರಳೆ. ಪೈಪ್ ಒಡೆದಿದೆಯೇ?

ಉತ್ತರ: ಬಹುಶಃ ಇಲ್ಲ. ನಹಾನಿ ಟ್ರ್ಯಾಪಿನಲ್ಲಿ ನಿಲ್ಲುವ ಎರಡಿಂಚು ನೀರೇ ವಾಸನೆಯನ್ನು ತಡೆಯುವ ಬಾಗಿಲು. ಬೇಸಿಗೆಯಲ್ಲಿ ಮನೆ ಮುಚ್ಚಿದ್ದರೆ ಅದು ಆರಿಹೋಗುತ್ತದೆ. ಹೊರಡುವ ದಿನ ಪ್ರತಿ ಜಾಲಿಗೂ ಒಂದು ಚೊಂಬು ನೀರು ಹಾಕಿ, ಅದರ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ಮೇಲೆ ತೇಲಿ ನೀರು ಆರುವುದನ್ನು ನಿಧಾನ ಮಾಡುತ್ತದೆ. ಮುಂದೆ ನೆಲ ಒಡೆಸುವಾಗ ಮೂರಿಂಚು ನೀರು ನಿಲ್ಲುವ ಆಳದ ಟ್ರ್ಯಾಪ್ ಕೇಳಿ ಹಾಕಿಸಿ.