ತೀರ್ಥಹಳ್ಳಿಯವರಿಗೆ ಮಳೆಯ ಭಯವೇ?

ಪತ್ರ: ನಾನು ತೀರ್ಥಹಳ್ಳಿ ಕಡೆಯವನು, ಈಗ ನ್ಯೂಜೆರ್ಸಿಯಲ್ಲಿದ್ದೇನೆ. ಜುಲೈ ರಜೆಯಲ್ಲಿ ಹೆಂಡತಿ ಮಕ್ಕಳ ಜೊತೆ ಎಂಟು ದಿನ ಮಧ್ಯ ಅಮೆರಿಕದ ಕೋಸ್ಟರಿಕಾಕ್ಕೆ ಹೋಗುವ ಯೋಚನೆ. ಜಿಪ್‌ಲೈನ್, ಜ್ವಾಲಾಮುಖಿ, ಬೀಚು ಎಲ್ಲ ಸೇರಿ ಆರು ಊರಿನ ಪಟ್ಟಿ ಮಾಡಿದ್ದೇನೆ. ಆದರೆ ಅದು ಮಳೆಗಾಲವಂತೆ. ಡಿಸೆಂಬರಿಗೆ ಮುಂದೂಡಲೇ?

ಉತ್ತರ: ಬೇಡ. ತೀರ್ಥಹಳ್ಳಿಯವರೂ ಮಳೆಗೆ ಹೆದರುವ ಕಾಲ ಬಂತಲ್ಲ! ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಪೆಸಿಫಿಕ್ ಕಡೆ ಒಳ್ಳೆಯ ಬಿಸಿಲು, ಒಪ್ಪಿದೆ. ದುಡ್ಡೂ ಜಾಸ್ತಿ, ಜನವೂ ಜಾಸ್ತಿ. ಜುಲೈಯಲ್ಲಿ ಆ ಕಡೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಮಳೆ. ಬೆಳಿಗ್ಗೆ ನಿಮ್ಮದೇ.

ಆಗುಂಬೆಯಲ್ಲಿ ಒಮ್ಮೆ ಮೂರು ದಿನ ಮಳೆ ಬಿಡಲಿಲ್ಲ. ಬೇಜಾರಾಗಿ ಜಗಲಿಯಲ್ಲಿ ಕೂತಿದ್ದೆ. ರಾತ್ರಿ ಆ ಮನೆಯ ಹುಡುಗ ಟಾರ್ಚ್ ಹಿಡಿದು ಕರೆದ. ಅಂಗಳ ದಾಟುವುದರೊಳಗೆ ಏಳು ಬಗೆಯ ಕಪ್ಪೆ ತೋರಿಸಿದ! ಕೋಸ್ಟರಿಕಾದಲ್ಲಿ ಗಾಜಿನ ಕಪ್ಪೆಗಳಿವೆ, ಹೊಟ್ಟೆಯ ಕಡೆಯಿಂದ ನೋಡಿದರೆ ಒಳಗಿನದೆಲ್ಲ ಕಾಣುತ್ತದೆ. ಅವು ಹೆಚ್ಚಾಗಿ ಕೂಗುವುದು ಮಳೆಗಾಲದಲ್ಲೇ. ನಿಮ್ಮ ಪಟ್ಟಿಯಲ್ಲಿ ಆರು ಹೋಟೆಲ್ ಇವೆ, ಒಂದು ಕಪ್ಪೆಯೂ ಇಲ್ಲ.

ನನ್ನ ತಕರಾರು ಆ ಆರು ಊರಿನ ಮೇಲೆಯೇ. ದೇಶ ಸುಮಾರು 51,000 ಚದರ ಕಿ.ಮೀ., ಕರ್ನಾಟಕದ ಕಾಲುಭಾಗಕ್ಕಿಂತ ಸ್ವಲ್ಪ ದೊಡ್ಡದು. ನಕ್ಷೆ ನೋಡಿ ಮೋಸಹೋಗಬೇಡಿ. ಅರೆನಾಲ್ ಜ್ವಾಲಾಮುಖಿಯಿಂದ ಮಾಂಟೆವರ್ಡೆ ಗುಡ್ಡ ಹಕ್ಕಿಗೆ ಹತ್ತಿರ. ಕಾರಿನಲ್ಲಿ ನಡುವಿನ ಸರೋವರ ಸುತ್ತಿ ಹೋಗಲು ಮೂರು ಗಂಟೆಯ ಮೇಲೆ ಬೇಕು. ಅಂದಹಾಗೆ ಅರೆನಾಲ್ 2010ರಿಂದ ಸುಮ್ಮನಿದೆ. ಲಾವಾ ತೋರಿಸುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟುಬಿಟ್ಟೀರಿ.

ನಾನಾದರೆ ಎರಡೇ ಊರು. ಒಂದು ಟಾರ್ಟುಗೇರೊ, ಕೆರಿಬಿಯನ್ ಕಡಲ ದಡದ ಹಳ್ಳಿ. ಅಲ್ಲಿಗೆ ರಸ್ತೆಯಿಲ್ಲ, ದೋಣಿಯಲ್ಲೋ ಸಣ್ಣ ವಿಮಾನದಲ್ಲೋ ಹೋಗಬೇಕು. ಜುಲೈಯಿಂದ ಅಕ್ಟೋಬರ್‌ವರೆಗೆ ಹಸಿರು ಕಡಲಾಮೆಗಳು ರಾತ್ರಿ ದಡಕ್ಕೆ ಬಂದು ಮೊಟ್ಟೆ ಇಡುತ್ತವೆ. ಒಂದು ಕಾಲಕ್ಕೆ ಆಮೆ ಹಿಡಿದು ಮಾರುತ್ತಿದ್ದ ಊರು. ಈಗ ಅಲ್ಲಿಯವರೇ ಗೈಡುಗಳು. ಅವರಿಲ್ಲದೆ ರಾತ್ರಿ ದಡಕ್ಕೆ ಬಿಡುವುದಿಲ್ಲ, ಫೋಟೊ ತೆಗೆಯುವ ಹಾಗೂ ಇಲ್ಲ. ಬೆಳಕು ಬಿದ್ದರೆ ಆಮೆ ಮೊಟ್ಟೆ ಇಡದೆ ತಿರುಗಿ ಹೋದೀತು. ಇದನ್ನು ಓದಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ನಮ್ಮ ಸಫಾರಿ ಜೀಪಿನಲ್ಲಿ ಆನೆ ಕಂಡರೆ ಮೊದಲು ಏಳುವುದು ಹತ್ತು ಫೋನು, ಅಲ್ವಾ?

ಇನ್ನೊಂದು ಮಾಂಟೆವರ್ಡೆ, ಮೋಡ ಮುಸುಕಿದ ಗುಡ್ಡದ ಕಾಡು. ಜಿಪ್‌ಲೈನೂ ಅಲ್ಲೇ ಸಿಗುತ್ತದೆ, ಒಂದು ಬೆಳಿಗ್ಗೆ ಆಡಿಸಿ ಮುಗಿಸಿ. ಕೋಸ್ಟರಿಕಾ 1948ರಲ್ಲಿ ಸೈನ್ಯವನ್ನೇ ರದ್ದು ಮಾಡಿತು. ಯುದ್ಧ ಒಲ್ಲೆವೆಂದ ಅಮೆರಿಕದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಕುಟುಂಬಗಳು ಅದನ್ನು ಕೇಳಿ ಬಂದು, 1951ರಲ್ಲಿ ಈ ಗುಡ್ಡದ ಮೇಲೆ ನೆಲೆಸಿದವು. ಹಸು ಸಾಕಿದವು, ಚೀಸ್ ಮಾಡಿದವು. ಹಳ್ಳದ ನೀರು ಬತ್ತಬಾರದೆಂದು ಮೇಲಿನ ಕಾಡನ್ನು ಮಾತ್ರ ಮುಟ್ಟಲಿಲ್ಲ. ಇದು ನಮ್ಮ ಅಡಿಕೆ ತೋಟದವರಿಗೆ ಅಜ್ಜನ ಕಾಲದಿಂದ ಗೊತ್ತಿದ್ದ ಸಂಗತಿ. ಈಗ ನಾವೇ ಗುಡ್ಡದ ನೆತ್ತಿ ಬೋಳಿಸಿ, ಈಜುಕೊಳ ತೋಡಿ, ‘ನೇಚರ್ ಸ್ಟೇ’ ಅಂತ ಬೋರ್ಡು ಹಾಕುತ್ತೇವೆ. ಬೇಸಿಗೆಯಲ್ಲಿ ಅದಕ್ಕೆ ಟ್ಯಾಂಕರ್ ನೀರು.

ರೇನ್‌ಕೋಟ್ ಮರೆಯಬೇಡಿ. ಪಟ್ಟಿ ತಿದ್ದಿ ಇನ್ನೊಮ್ಮೆ ಬರೆಯಿರಿ. ಆಗಲೂ ಆರು ಊರಿದ್ದರೆ ಉತ್ತರ ಬರೆಯುವುದಿಲ್ಲ.