ಲೋಸಾರ್‌ಗೆ ಹೋಗಿ, ಮೊದಲ ದಿನ ಮಾತ್ರ ಬೇಡ

ಮೈಸೂರಿನ ಓದುಗರೊಬ್ಬರ ಪತ್ರ: ‘ಬೈಲುಕುಪ್ಪೆಯ ಟಿಬೆಟನ್ನರ ಹೊಸ ವರ್ಷ ಲೋಸಾರ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಕು ಅಂತ ಆಸೆ. ಕರೆಯದೆ ಇನ್ನೊಬ್ಬರ ಹಬ್ಬಕ್ಕೆ ಹೋಗಿ ನಿಲ್ಲೋದು ಚೆನ್ನಾಗಿರಲ್ಲ ಅಂತಾರೆ ನಮ್ಮ ಯಜಮಾನರು. ಅರವತ್ತು ವರ್ಷ ಇಲ್ಲೇ ಇದ್ದರೂ ಅವರು ನಮ್ಮ ಜೊತೆ ಬೆರೆಯಲಿಲ್ಲ, ನಾವ್ಯಾಕೆ ಹೋಗಬೇಕು ಅನ್ನೋದು ನಮ್ಮ ಅತ್ತೆಯವರ ಮಾತು. ನೀವೇನು ಹೇಳ್ತೀರಿ?’

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಯಜಮಾನರ ಮಾತಿನಲ್ಲಿ ಅರ್ಧ ನಿಜ ಇದೆ. ಅದು ನನಗೆ ಗೊತ್ತಾಗಿದ್ದು ಒಂದು ಸಲ ಬೆಪ್ಪಾದ ಮೇಲೆ.

ಕೆಲವು ವರ್ಷಗಳ ಹಿಂದಿನ ಮಾತು. ಲೋಸಾರ್ ಅಂದರೆ ಜಾತ್ರೆ ಇರುತ್ತೆ ಅಂದುಕೊಂಡು ಸರಿಯಾಗಿ ಹೊಸ ವರ್ಷದ ಮೊದಲ ದಿನವೇ ಬೈಲುಕುಪ್ಪೆಯಲ್ಲಿ ಬಸ್ ಇಳಿದೆ. ಅಂಗಡಿಗಳ ಷಟರ್ ಎಳೆದಿತ್ತು. ಮೊಮೊ ಹೋಟೆಲುಗಳೂ ಬಂದ್. ಕ್ಯಾಂಪಿನ ರಸ್ತೆಯಲ್ಲಿ ಹೊಸ ಬಟ್ಟೆ ಹಾಕಿಕೊಂಡ ನಾಲ್ಕು ಮಕ್ಕಳು ಬಿಟ್ಟರೆ ಯಾರೂ ಇಲ್ಲ. ಯುಗಾದಿಯ ಬೆಳಿಗ್ಗೆ ಯಾರೋ ಪರ ಊರಿನವರು ನಮ್ಮ ಬೀದಿಗೆ ಬಂದು ‘ಎಲ್ಲಿ ನಿಮ್ಮ ಹಬ್ಬ?’ ಅಂತ ಹುಡುಕಿದರೆ ಹೇಗೋ ಹಾಗಿತ್ತು ನನ್ನ ಸ್ಥಿತಿ. ಹಬ್ಬ ಇರೋದು ಮನೆಯೊಳಗೆ ಅಲ್ವಾ?

ಕೊನೆಗೆ ಒಂದು ಗೇಟಿನ ಒಳಗಿಂದ ಹೆಂಗಸೊಬ್ಬರು ‘ಏನ್ ಸಾರ್, ಯಾರ ಮನೆ ಬೇಕಿತ್ತು?’ ಅಂತ ಕೇಳಿದರು. ಅಚ್ಚ ಮೈಸೂರು ಕಡೆಯ ಕನ್ನಡ. ವಿಷಯ ಹೇಳಿದೆ. ನಕ್ಕು ಒಳಗೆ ಕರೆದರು. ಕೂತ ಕೂಡಲೇ ಚೆಮಾರ್ ತಂದು ಹಿಡಿದರು. ಬಣ್ಣ ಬಳಿದ ಮರದ ಪೆಟ್ಟಿಗೆ, ಎರಡು ಖಾನೆ. ಒಂದರಲ್ಲಿ ಬೆಣ್ಣೆ ಕಲಸಿದ ಹುರಿದ ಬಾರ್ಲಿ ಹಿಟ್ಟು, ಇನ್ನೊಂದರಲ್ಲಿ ಕಾಳು. ನಾನು ಪ್ರಸಾದ ಅಂದುಕೊಂಡು ಚಿಟಿಕೆ ತೆಗೆದು, ಕಣ್ಣಿಗೊತ್ತಿಕೊಂಡು, ಸೀದಾ ಬಾಯಿಗೆ ಹಾಕಿಕೊಂಡೆ. ಮನೆಮಂದಿಯೆಲ್ಲ ನಕ್ಕರು. ಮೊದಲು ಬೆರಳ ತುದಿಯಿಂದ ಮೂರು ಸಲ ಮೇಲಕ್ಕೆ ಚಿಮ್ಮಬೇಕಂತೆ, ‘ತಾಶಿ ದೆಲೆಕ್’ ಅನ್ನಬೇಕಂತೆ. ಬಾಯಿಗೆ ಆಮೇಲೆ.

ದೇವರ ಮುಂದೆ ಕುಂಡದಲ್ಲಿ ಮೊಳಕೆ ಹಸಿರಾಗಿ ನಿಂತಿತ್ತು. ನವರಾತ್ರಿಗೆ ಘಟ ಇಟ್ಟು ಮೊಳಕೆ ಬರಿಸುವವರು ನೋಡಿದ್ದರೆ ನಮ್ಮ ಮನೆಯೇ ಅಂದುಕೊಳ್ಳುತ್ತಿದ್ದರು. ತಟ್ಟೆ ತುಂಬ ಖಾಪ್ಸೆ ಕೊಟ್ಟರು. ಎಣ್ಣೆಯಲ್ಲಿ ಕರಿದದ್ದು, ನಮ್ಮ ಶಂಕರಪೋಳಿಯ ಅಣ್ಣ. ಬೆಣ್ಣೆ ಚಹಾ ಮಾತ್ರ ಉಪ್ಪು. ಚಹಾ ಅಂತ ಕುಡಿಯಬೇಡಿ, ಸಾರು ಅಂದುಕೊಳ್ಳಿ, ಇಳಿಯುತ್ತದೆ.

ಹಾಗಾಗಿ ಮೊದಲ ದಿನ ಕರೆದವರ ಮನೆಗಷ್ಟೇ. ಕರೆಯದವರೂ ಹೋಗಬಹುದಾದ ದಿನಗಳು ಬೇರೆ ಇವೆ. ಹಳೇ ವರ್ಷ ಮುಗಿಯುವ ಹೊತ್ತಿಗೆ ನಮ್ಡ್ರೋಲಿಂಗ್ ಮಠದ ಅಂಗಳದಲ್ಲಿ ಚಾಮ್ ಅನ್ನೋ ಮುಖವಾಡದ ಕುಣಿತ ನಡೆಯುತ್ತದೆ. ನಾವೆಲ್ಲ ಗೋಲ್ಡನ್ ಟೆಂಪಲ್ ಅನ್ನೋದು ಈ ಮಠವನ್ನೇ. ಮಠ ಶುರುವಾಗಿದ್ದು 1963ರಲ್ಲಿ, ನೀವು ಫೋಟೋದಲ್ಲಿ ನೋಡಿರುವ ಬಂಗಾರದ ಬಣ್ಣದ ಮೂರ್ತಿಗಳ ದೇಗುಲ ತೆರೆದಿದ್ದು 1999ರಲ್ಲಿ. ಕುಣಿಯುವವರು ಭಿಕ್ಷುಗಳೇ. ಮುಖವಾಡ, ಜರಿಯ ನಿಲುವಂಗಿ, ಆಳುದ್ದದ ಕಹಳೆ. ಇದು ಪೂಜೆ, ಮನರಂಜನೆಯ ಕಾರ್ಯಕ್ರಮ ಅಲ್ಲ. ದಕ್ಷಿಣ ಕನ್ನಡದಲ್ಲಿ ಕೋಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಯಾರೂ ಅಡ್ಡ ಹೋಗಿ ಸೆಲ್ಫಿ ತೆಗೆಯೋದಿಲ್ಲ, ಇಲ್ಲೂ ಬೇಡ. ಗಂಟೆಗಟ್ಟಲೆ ನಿಧಾನಕ್ಕೆ ನಡೆಯುತ್ತದೆ. ಮಕ್ಕಳಿಗೆ ಬೋರ್ ಆದರೆ ಎಬ್ಬಿಸಿಕೊಂಡು ಹೊರಗೆ ಹೋಗಿ, ಯಾರೂ ತಪ್ಪು ತಿಳಿಯೋದಿಲ್ಲ. ಇಲ್ಲವೇ ಹೊಸ ವರ್ಷದ ಮೂರನೇ ದಿನ ಹೋಗಿ. ಅವತ್ತು ಹೊಸ ಪ್ರಾರ್ಥನಾ ಬಾವುಟ ಕಟ್ಟಿ, ಧೂಪದ ಹೊಗೆ ಎಬ್ಬಿಸಿ, ಎಲ್ಲರೂ ಒಟ್ಟಿಗೆ ಹಿಟ್ಟು ಎರಚುತ್ತಾರೆ. ಕಪ್ಪು ಬಟ್ಟೆ ಹಾಕಿಕೊಳ್ಳಬೇಡಿ.

ಚಾಂದ್ರಮಾನದ ಹಬ್ಬ, ತಾರೀಖು ಓಡಾಡುತ್ತದೆ. 2025ರಲ್ಲಿ ಫೆಬ್ರವರಿ 28ಕ್ಕಿತ್ತು, 2026ರಲ್ಲಿ 18ಕ್ಕೆ. ಒಮ್ಮೊಮ್ಮೆ ಸಂಭ್ರಮವೇ ಇರುವುದಿಲ್ಲ. 2012ರಲ್ಲಿ ಟಿಬೆಟ್‌ನಲ್ಲಿ ಚೀನಾ ಆಡಳಿತ ವಿರೋಧಿಸಿ ಒಬ್ಬರ ಹಿಂದೆ ಒಬ್ಬರು ಮೈಗೆ ಬೆಂಕಿ ಹಚ್ಚಿಕೊಳ್ಳುತ್ತಿದ್ದಾಗ, ಈ ಸಲ ಪೂಜೆ ಸಾಕು, ಹಬ್ಬ ಬೇಡ ಅಂತ ಅವರ ನಾಯಕರೇ ಕರೆ ಕೊಟ್ಟಿದ್ದರು. ವಿದೇಶಿ ಪಾಸ್‌ಪೋರ್ಟಿನ ನೆಂಟರು ಜೊತೆಗಿದ್ದು ರಾತ್ರಿ ಅಲ್ಲೇ ಉಳಿಯುವುದಾದರೆ ಅವರಿಗೆ ಕೇಂದ್ರ ಗೃಹ ಇಲಾಖೆಯ ಪರ್ಮಿಟ್ ಬೇಕು. ನಿಮಗೆ ಬೇಡ.

ಇನ್ನು ಅತ್ತೆಯವರ ಮಾತು. ದಲೈ ಲಾಮಾ ಟಿಬೆಟ್ ಬಿಟ್ಟು ಬಂದದ್ದು 1959ರಲ್ಲಿ. ಮುಂದಿನ ಒಂದೆರಡು ವರ್ಷದಲ್ಲೇ ಆಗಿನ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಕೊಟ್ಟಿದ್ದು ಕಾಡು. ಹಿಮದ ನಾಡಿನವರು ಈ ಸೆಕೆಯಲ್ಲಿ ಮರ ಕಡಿದು, ಆನೆ ಓಡಿಸಿ, ಮುಸುಕಿನ ಜೋಳ ಬಿತ್ತಿದರು. 2018ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ‘ಥ್ಯಾಂಕ್ ಯೂ ಕರ್ನಾಟಕ’ ಅಂತ ಸಮಾರಂಭವನ್ನೇ ಮಾಡಿದರು, ದಲೈ ಲಾಮಾ ಅವರೇ ಬಂದಿದ್ದರು.

ಬೆರೆಯಲಿಲ್ಲ ಅನ್ನೋದನ್ನು ನಾನು ಒಪ್ಪೋದಿಲ್ಲ. ಅತ್ತೆಯವರ ಬೀರುವಿನಲ್ಲಿ ಒಂದಾದರೂ ಟಿಬೆಟನ್ ಸ್ವೆಟರ್ ಇರಲೇಬೇಕು, ಕೇಳಿ ನೋಡಿ. ಚಳಿಗಾಲ ಬಂದರೆ ಊರೂರಲ್ಲಿ ಅಂಗಡಿ ಹಾಕಿ, ನಮ್ಮ ಜೊತೆ ಕನ್ನಡದಲ್ಲೇ ಚೌಕಾಸಿ ಮಾಡಿ, ಲೋಸಾರ್ ಹತ್ತಿರ ಬಂದಾಗ ಗಂಟುಮೂಟೆ ಕಟ್ಟುವವರು ಅವರು. ನನ್ನನ್ನು ಒಳಗೆ ಕರೆದ ಆ ಹೆಂಗಸೂ ಸ್ವೆಟರ್ ಮಾರುವವರೇ. ನಾವೋ, ಐವತ್ತು ರೂಪಾಯಿ ಕಮ್ಮಿ ಮಾಡಿಸಿಕೊಂಡು ಮನೆಗೆ ಬಂದುಬಿಡುತ್ತೇವೆ. ದಸರಾ ಗೊಂಬೆ ನೋಡೋಕೆ ಬನ್ನಿ ಅಂತ ಮೈಸೂರಿನವರು ಎಷ್ಟು ಜನ ಅವರನ್ನು ಕರೆದಿದ್ದೀರಿ?

ಅದೇ ಮನೆಯವರು ಎರಡು ವರ್ಷದ ಮೇಲೆ ನನ್ನನ್ನು ಗುತುಕ್‌ಗೆ ಕರೆದರು. ಹೊಸ ವರ್ಷಕ್ಕೆ ಮುಂಚೆ, ಕೊನೇ ತಿಂಗಳ 29ನೇ ರಾತ್ರಿ ಕುಡಿಯುವ ಸೂಪು ಅದು. ‘ಗು’ ಅಂದರೆ ಒಂಬತ್ತು, ಒಂಬತ್ತು ಪದಾರ್ಥ ಹಾಕುತ್ತಾರೆ. ಪ್ರತಿಯೊಬ್ಬರ ಬಟ್ಟಲಲ್ಲೂ ಒಂದು ದಪ್ಪ ಹಿಟ್ಟಿನ ಉಂಡೆ. ಅದನ್ನು ಎಲ್ಲರೆದುರು ಒಡೆದು ತೋರಿಸಬೇಕು. ಒಳಗೆ ಇದ್ದಿಲು ಸಿಕ್ಕರೆ ಮನಸ್ಸು ಕಪ್ಪು, ಉಣ್ಣೆ ಸಿಕ್ಕರೆ ಮೆತ್ತಗಿನ ಸ್ವಭಾವ, ಮೆಣಸಿನಕಾಯಿ ಸಿಕ್ಕರೆ ಬಾಯಿಬಡುಕ. ನನ್ನ ಉಂಡೆಯಲ್ಲಿ ಏನಿತ್ತು ಅನ್ನೋದು ಈ ಉತ್ತರದ ಉದ್ದ ನೋಡಿದರೇ ಗೊತ್ತಾಗುತ್ತದೆ.